ಮಕ್ಕಳ ಬರವಣಿಗೆಗೆ ಮೆಚ್ಚುಗೆ ಬರೆಯುವಾಗ

ಶಿರಸಿ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ಮಳೆ ಹಿಡಿದು ಕೂತಿರುವುದರಿಂದ ತೋಟಕ್ಕೆ ಎರಡನೆಯ ಸಲದ ಮದ್ದು ಹೊಡೆಸುವುದೊಂದು ಬಾಕಿಯಿದೆ.

ಕುಮಟೆಯ ನಿನ್ನ ಶಾಲೆಯ ಮಕ್ಕಳು ಇಂಗ್ಲಿಷಿನಲ್ಲಿ ಬರೆದ ಪ್ರಬಂಧಗಳ ಫೋಟೋಗಳನ್ನು ಕಳುಹಿಸಿ, ಗುಡ್, ವೆರಿ ಗುಡ್, ಎಕ್ಸಲೆಂಟ್ ಎಂಬ ಮೂರೇ ಮಾತುಗಳಲ್ಲಿ ದಿನ ನೂಕುತ್ತಿರುವುದಾಗಿಯೂ, ಮೆಚ್ಚುಗೆಯನ್ನು ಸೂಚಿಸುವ ಇಂಗ್ಲಿಷ್ ವಿಶೇಷಣಗಳ ಪಟ್ಟಿಯೊಂದನ್ನು ಬರೆದುಕೊಡಬೇಕೆಂದೂ ಕೇಳಿದ್ದೀಯೆ. ಪಟ್ಟಿ ಯಾವ ನಿಘಂಟಿನಲ್ಲಾದರೂ ಸಿಗುತ್ತದೆ. ಯಾವ ಪದ ಯಾವ ಬರವಣಿಗೆಗೆ ಸಲ್ಲುತ್ತದೆ ಎಂಬುದನ್ನು ನಿಘಂಟು ಅಷ್ಟಾಗಿ ಹೇಳುವುದಿಲ್ಲವಾದ್ದರಿಂದ ಆ ಬಗ್ಗೆಯೇ ಬರೆಯುತ್ತೇನೆ.

ನೀನು ಕಳುಹಿಸಿದವುಗಳಲ್ಲಿ ಅಘನಾಶಿನಿ ಹೊಳೆಯ ದಡದ ಹುಡುಗನೊಬ್ಬನ ಪ್ರಬಂಧವಿದೆ. ಇಳಿತದ ಹೊತ್ತಿನಲ್ಲಿ ತಾಯಿ ಸೊಂಟಮಟ್ಟದ ನೀರಿನಲ್ಲಿ ನಿಂತು, ಕೆಸರನ್ನು ಕಾಲಿನಿಂದಲೇ ತಡವಿ ಬಳಚು ಎಂಬ ಚಿಪ್ಪುಜೀವಿಯನ್ನು ಹುಡುಕುವುದನ್ನೂ, ಚಿಪ್ಪಿನ ಅಂಚು ತಾಗಿ ಅವಳ ಹಿಮ್ಮಡಿ ಕೊಯ್ದಿರುವುದನ್ನೂ, ಬುಟ್ಟಿ ತುಂಬಿದ ಮೇಲೆ ಅವಳು ಒಂದು ಮಾತನ್ನೂ ಆಡದೆ ಮನೆಗೆ ನಡೆಯುವುದನ್ನೂ ಆ ಮಗು ಕಂಡಂತೆ ಬರೆದಿದೆ. ಕಾಗುಣಿತದ ತಪ್ಪುಗಳು ಸಾಕಷ್ಟಿವೆ, ಆದರೆ ಓದುವವನ ಕಣ್ಣಿಗೆ ಹೊಳೆ ಕಟ್ಟುತ್ತದೆ. ಅದರ ಮುಂದಿನ ಫೋಟೋದಲ್ಲಿ ಒಬ್ಬ ಹುಡುಗಿ ಕಗ್ಗ ಭತ್ತದ ಬಗ್ಗೆ ಬರೆದಿದ್ದಾಳೆ. ಗಜನಿ ಎಂಬ ಅಳಿವೆಯಂಚಿನ ತಗ್ಗು ಗದ್ದೆಗೆ ಉಪ್ಪುನೀರು ನುಗ್ಗಿದರೂ ಆ ಭತ್ತ ತಾಳಿಕೊಳ್ಳುತ್ತದೆ ಎಂಬುದರಿಂದ ಹಿಡಿದು ಕೊಯ್ಲಿನವರೆಗೆ ಎಲ್ಲವೂ ಕ್ರಮವಾಗಿದೆ, ಒಂದು ಮಾಹಿತಿಯೂ ತಪ್ಪಿಲ್ಲ. ಎರಡರ ಕೆಳಗೂ ನೀನು ಬರೆದಿರುವುದು ವೆರಿ ಗುಡ್ ಎಂದು.

ನಮ್ಮ ಮನೆಯಲ್ಲಿ ಅಡಿಕೆ ಆರಿಸುವುದನ್ನು ನೀನು ಚಿಕ್ಕಂದಿನಿಂದ ನೋಡಿದವಳು. ಚಾಲಿ, ಬಿಳಿಗೋಟು, ಕೋಕ ಎಂದು ಬೇರೆ ಬೇರೆ ರಾಶಿ ಮಾಡದೆ ಎಲ್ಲವನ್ನೂ 'ಅಡಿಕೆ' ಎಂದು ಒಂದೇ ಚೀಲಕ್ಕೆ ತುಂಬಿದರೆ ಬೆಳೆದವನಿಗೆ ತನ್ನ ಬೆಳೆಯ ಗುಣವೇ ತಿಳಿಯುವುದಿಲ್ಲ. ಹುಡುಗನ ಬರವಣಿಗೆಗೆ ಸಲ್ಲುವ ಪದ ವಿವಿಡ್, ಹುಡುಗಿಯದಕ್ಕೆ ಸಲ್ಲುವುದು ಆಕ್ಯುರೇಟ್. ಹೀಗೆ ಬರೆದರೆ ತನ್ನ ಕೈಯಲ್ಲಿ ಯಾವ ಶಕ್ತಿಯಿದೆಯೆಂದು ಅವನಿಗೂ ತಿಳಿಯುತ್ತದೆ, ಅವಳಿಗೂ ತಿಳಿಯುತ್ತದೆ. ಕ್ಲಿಯರ್, ಥರೋ, ಥಾಟ್‌ಫುಲ್, ಒರಿಜಿನಲ್, ನೀಟ್ ಇವೆಲ್ಲ ಇದೇ ಜಾತಿಯ ಪದಗಳು. ಸದ್ದು ಮಾಡದಿದ್ದರೂ ಮೆಚ್ಚಿದ್ದು ಏನನ್ನು ಎಂಬುದನ್ನು ಹೇಳಿಬಿಡುತ್ತವೆ. ಆಸಮ್, ಫ್ಯಾಂಟಾಸ್ಟಿಕ್, ಫ್ಯಾಬ್ಯುಲಸ್ ಎಂಬವು ಮೆಚ್ಚಿದವರ ಉತ್ಸಾಹವನ್ನಷ್ಟೇ ಹೇಳುತ್ತವೆ. ಆಟದ ಬಯಲಿನಲ್ಲಿ ಕೂಗಿ ಹೇಳಲು ಅವು ಚೆಂದವೇ. ಪ್ರಬಂಧದ ಕೆಳಗೆ ಅವನ್ನು ಬರೆಯಬೇಡವೆಂದು ನಾನು ಒತ್ತಿ ಹೇಳುತ್ತೇನೆ.

ಪದಗಳ ಏರಿಳಿತವನ್ನೂ ನೀನು ಗಮನಿಸಬೇಕು. ಗುಡ್ ಎಂಬುದಕ್ಕೆ ಮೆಟ್ಟಿಲುಗಳಿವೆ, ಆದ್ದರಿಂದ ಅದರ ಹಿಂದೆ ವೆರಿ ಸೇರುತ್ತದೆ. ಎಕ್ಸಲೆಂಟ್, ಔಟ್‌ಸ್ಟಾಂಡಿಂಗ್, ಸುಪರ್ಬ್ ಎಂಬವು ಆಗಲೇ ಮೇಲಿನ ಮೆಟ್ಟಿಲಿನಲ್ಲಿ ನಿಂತಿರುವುದರಿಂದ ವೆರಿ ಎಕ್ಸಲೆಂಟ್ ಎಂಬುದು ಇಂಗ್ಲಿಷಿನ ಕಿವಿಗೆ ಒಗ್ಗುವುದಿಲ್ಲ. ಒತ್ತು ಬೇಕೇಬೇಕೆಂದಾದರೆ ಆಬ್ಸೊಲ್ಯೂಟ್ಲಿ ಸೇರಿಸಬಹುದು. ಕ್ವೈಟ್ ಎಂಬುದನ್ನಂತೂ ಮುಟ್ಟದಿರುವುದೇ ಲೇಸು. ಕ್ವೈಟ್ ಗುಡ್ ಎಂದರೆ ಬ್ರಿಟಿಷರಿಗೆ ಸಾಮಾನ್ಯವಾಗಿ 'ಪರವಾಗಿಲ್ಲ' ಎಂಬಷ್ಟು, ಅಮೆರಿಕದವರಿಗೆ 'ಬಹಳ ಚೆನ್ನಾಗಿದೆ' ಎಂಬಷ್ಟು. ಇನ್ನು ಕಮೆಂಡಬಲ್ ಎಂಬುದು ಹೆಚ್ಚಾಗಿ ಪ್ರಯತ್ನಕ್ಕೆ, ಲಾಡಬಲ್ ಎಂಬುದು ಉದ್ದೇಶಕ್ಕೆ ಅಂಟಿಕೊಳ್ಳುವ ಪದಗಳು. ಕೆಲಸವೇ ಪೂರ್ಣವಾಗಿ ಚೆನ್ನಾಗಿ ಮುಗಿದಿರುವಾಗ ಇವನ್ನು ಬರೆದರೆ, ಪ್ರಯತ್ನವೇನೋ ಸರಿ, ಫಲ ಅಷ್ಟಕ್ಕಷ್ಟೇ ಎಂಬ ಧ್ವನಿ ಹೊರಡಬಹುದು.

ನಿಘಂಟಿನಲ್ಲಿ ಕಂಡ ಹೊಸ ಪದವನ್ನು ಬಳಕೆಯಲ್ಲಿ ನೋಡದೆ ಮಕ್ಕಳ ಪುಸ್ತಕಕ್ಕೆ ಇಳಿಸಬೇಡ. ಎಗ್ರೀಜಿಯಸ್ ಎಂಬ ಪದವನ್ನೇ ತೆಗೆದುಕೊ. ಹಿಂಡಿನಿಂದ ಬೇರೆಯಾಗಿ ಎದ್ದು ನಿಂತದ್ದು ಎಂಬ ಲ್ಯಾಟಿನ್ ಮೂಲದಿಂದ ಬಂದು ಒಂದು ಕಾಲಕ್ಕೆ ಇಂಗ್ಲಿಷಿನಲ್ಲಿ ಶ್ರೇಷ್ಠತೆಯನ್ನು ಸೂಚಿಸುತ್ತಿದ್ದ ಆ ಪದ ಇಂದು ಎದ್ದುಕಾಣುವ ಘೋರ ತಪ್ಪಿಗೆ ಮಾತ್ರ ಸಲ್ಲುತ್ತದೆ. ಟೆರಿಫಿಕ್ ಇದಕ್ಕೆ ವಿರುದ್ಧವಾದ ದಾರಿಯಲ್ಲಿ ನಡೆದು, ಭಯ ಹುಟ್ಟಿಸುವುದು ಎಂಬ ಅರ್ಥದಿಂದ ಹೊಗಳಿಕೆಗೆ ಬಂದು ನಿಂತಿದೆ.

ಎಲ್ಲಕ್ಕಿಂತ ಹೆಚ್ಚು ನಿನ್ನ ಗಮನಕ್ಕೆ ತರಬೇಕಾದದ್ದು, ಬ್ರಿಲಿಯಂಟ್, ಇಂಟೆಲಿಜೆಂಟ್ ಎಂಬಂತಹ ಪದಗಳನ್ನು ಮಗುವಿಗೇ ಅಂಟಿಸುವ ನಮ್ಮ ಅಭ್ಯಾಸ. 1998ರಲ್ಲಿ ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆಯರು ಐದನೆಯ ತರಗತಿಯ ಮಕ್ಕಳೊಡನೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಮೊದಲ ಸುತ್ತಿನ ಸಮಸ್ಯೆಗಳನ್ನು ಬಿಡಿಸಿದ ಮಕ್ಕಳಲ್ಲಿ ಕೆಲವರ ಬುದ್ಧಿಯನ್ನೂ ಕೆಲವರ ಪರಿಶ್ರಮವನ್ನೂ ಹೊಗಳಿದರು. ಬುದ್ಧಿವಂತರೆನಿಸಿಕೊಂಡವರಲ್ಲಿ ಹೆಚ್ಚಿನವರು ಮುಂದೆ ತಮ್ಮ ಜಾಣತನವನ್ನು ತೋರಿಸಬಲ್ಲ ಸುಲಭದ ಕೆಲಸವನ್ನು ಆರಿಸಿಕೊಂಡರು. ಕಠಿಣವಾದ ಸುತ್ತಿನಲ್ಲಿ ಸೋತ ಮೇಲೆ ಅವರ ಸಾಧನೆ ಮೊದಲಿಗಿಂತಲೂ ಕೆಳಗಿಳಿಯಿತು. ಪರಿಶ್ರಮಕ್ಕೆ ಹೊಗಳಿಕೆ ಪಡೆದವರಲ್ಲಿ ಬಹುತೇಕರು ಕಲಿಯಲು ಹೆಚ್ಚು ಅವಕಾಶವಿದ್ದ ಕೆಲಸವನ್ನೇ ಬೇಡಿದರು, ಸೋತ ಮೇಲೂ ಕುಗ್ಗಲಿಲ್ಲ. ಒಂದು ವಿಶೇಷಣ ಮಗುವಿನ ಮೇಲೆ ಎಷ್ಟು ದೂರ ಕೆಲಸ ಮಾಡುತ್ತದೆ ನೋಡು. ಆದ್ದರಿಂದ ನಿನ್ನ ವಿಶೇಷಣ ಬರವಣಿಗೆಗೋ, ಮಗು ಪಟ್ಟ ಪಾಡಿಗೋ ತಗಲಲಿ. ಬ್ರಿಲಿಯಂಟ್ ಬಾಯ್ ಎಂದು ಬರೆಯುವ ಜಾಗದಲ್ಲಿ ವಿವಿಡ್ ಡಿಸ್ಕ್ರಿಪ್ಷನ್ ಎಂದು ಬರೆದು, ಹಿಮ್ಮಡಿಯ ಗಾಯದ ವಾಕ್ಯದ ಕೆಳಗೆ ಒಂದು ಗೆರೆ ಎಳೆ.

ವ್ಯಾಕರಣದ ಒಂದು ಮಾತು ಇಲ್ಲಿಯೇ ಸೇರಲಿ. ಬರವಣಿಗೆಯನ್ನು ಗುಡ್ ಎನ್ನಬಹುದು, ಬರೆದ ರೀತಿಯನ್ನು ಮಾತ್ರ ವೆಲ್ ಎನ್ನಬೇಕು. ಯು ರೋಟ್ ಗುಡ್ ಎಂದು ನೀನು ಬರೆದರೆ ಮಕ್ಕಳೂ ಅದನ್ನೇ ಕಲಿಯುತ್ತಾರೆ.

ಹಿಂದುಳಿದ ಮಕ್ಕಳ ವಿಷಯದಲ್ಲಿ ನಿನಗೆ ಕಷ್ಟವಾಗುವುದು ಸಹಜ. ಮೆಚ್ಚುವಂಥದ್ದು ಏನೂ ಕಾಣದಾಗ ಕೈ ತಾನಾಗಿಯೇ ಗುಡ್ ಎಂದು ಬರೆದು ಪುಟ ಮಗುಚುತ್ತದೆ. ಆ ಗುಡ್ ಸುಳ್ಳೆಂದು ಮಗುವಿಗೆ ಗೊತ್ತಾಗುತ್ತದೆ. ಸ್ಯಾಟಿಸ್ಫ್ಯಾಕ್ಟರಿ ಎಂಬುದಂತೂ ಕಚೇರಿಯ ಮುದ್ರೆಯಂತೆ ಬೀಳುತ್ತದೆ. ಅಂತಹ ಮಗುವಿನ ಹಿಂದಿನ ತಿಂಗಳ ಪುಟವನ್ನು ತೆರೆದು ಪಕ್ಕದಲ್ಲಿಟ್ಟು ನೋಡು. ಅಕ್ಷರ ಬಿಡಿಸಿ ಓದುವಂತಾಗಿದ್ದರೆ ಲೆಜಿಬಲ್ ಎಂದು ಬರೆ, ತಪ್ಪು ತುಸು ತಗ್ಗಿದ್ದರೆ ಇಂಪ್ರೂವ್ಡ್ ಎಂದು ಬರೆ, ವಾರ ತಪ್ಪದೆ ಬರೆದು ತಂದಿದ್ದರೆ ರೆಗ್ಯುಲರ್ ಎಂದಾದರೂ ಬರೆ. ಇವು ಚಿಕ್ಕ ಪದಗಳಾದರೂ ನಿಜವಾದವು. ಪಾಲಕರ ಸಭೆಗೆ ಬರುವ ತಾಯಂದಿರಲ್ಲಿ ಹಲವರಿಗೆ ಇಂಗ್ಲಿಷ್ ಬಾರದಿರುವುದರಿಂದ, ಪುಸ್ತಕದಲ್ಲಿ ಬರೆದದ್ದನ್ನೇ ಕನ್ನಡದಲ್ಲಿ ಬಾಯಾರೆ ಹೇಳು. ಬಳಚು ಹೆಕ್ಕುವ ಆ ತಾಯಿ ಬಂದರೆ, ಮಗ ಯಾವ ವಾಕ್ಯವನ್ನು ಚೆನ್ನಾಗಿ ಬರೆದಿದ್ದಾನೆಂಬುದನ್ನು ಓದಿಯೇ ತಿಳಿಸು.

ಮುಂದಿನ ಕಟ್ಟಿನ ಪ್ರಬಂಧಗಳನ್ನು ನೀನು ಬರೆದ ಟಿಪ್ಪಣಿಗಳ ಸಮೇತ ಕಳುಹಿಸು. ಚೌತಿಗೆ ಬಂದಾಗ ಇಬ್ಬರೂ ಕೂತು ನೋಡೋಣ.

ಇಂತು ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಪ್ಪ