ಆ ಲೆಕ್ಕ ನಂದು ಅಂದ ಅಣ್ಣನಿಗೆ

ನಾನು ಕುಡಿತ ಬಿಟ್ಟು ಇವತ್ತಿಗೆ ಸರಿಯಾಗಿ ಒಂದು ವರ್ಷ. ಏನಾಯಿತು, ಹೇಗಾಯಿತು ಅನ್ನುವುದು ಇದನ್ನು ಓದುತ್ತಿರುವ ಹೆಚ್ಚಿನವರಿಗೆ ಗೊತ್ತು. ಕೆಲವರು ಕಣ್ಣಾರೆ ಕಂಡಿದ್ದೀರಿ. ಹಾಗಾಗಿ ಅದನ್ನೆಲ್ಲ ಮತ್ತೆ ಹೇಳುವುದಿಲ್ಲ. ಥ್ಯಾಂಕ್ಸ್ ಹೇಳುವುದು ಬಾಕಿ ಇದೆ. ಅಷ್ಟನ್ನು ಹೇಳುತ್ತೇನೆ.

ಪ್ರಾರ್ಥನೆಯಲ್ಲಿ ನನ್ನ ಹೆಸರು ಒಂದು ವಾರವೂ ಬಿಡದ ಸಭೆಯವರಿಗೆ, ಪುರುಸೊತ್ತು ಇಲ್ಲದಿದ್ದರೂ ಬಂದು ಪಕ್ಕದಲ್ಲಿ ಕೂತ ಪಾಸ್ಟರಿಗೆ, ಮತ್ತೆ ಕೆಲಸ ಕೊಟ್ಟವರಿಗೆ, ಮಕ್ಕಳನ್ನು ಶಾಲೆಗೆ ಬಿಟ್ಟು ಕರೆತಂದ ಗೆಳೆಯರಿಗೆ ನಾನು ಋಣಿ. ಹೆಂಡತಿಗೆ ಇಲ್ಲಿ ಏನೂ ಬರೆಯುವುದಿಲ್ಲ. ಅವಳಿಗೆ ಹೇಳಬೇಕಾದ್ದು ಎಲ್ಲರ ಮುಂದೆ ಹೇಳುವಂಥದ್ದಲ್ಲ.

ಉಳಿದದ್ದೆಲ್ಲ ಅಣ್ಣನಿಗೆ.

ಅಣ್ಣನಿಗೂ ನನಗೂ ಎರಡು ವರ್ಷ ಮಾತಿರಲಿಲ್ಲ. ತಪ್ಪು ನನ್ನದೇ. ಅವನಿಗೆ ಹೇಳದೆ ಅವನ ಹೆಸರಲ್ಲಿ ಸಾಲ ಮಾಡಿದ್ದೆ. ಅದನ್ನೂ ಕುಡಿದು ಮುಗಿಸಿದ್ದೆ. ಬಿಟ್ಟ ಮೂರನೆಯ ರಾತ್ರಿ, ಡಾಕ್ಟರ್ ಹೇಳಿದ್ದೆಲ್ಲ ಮಾಡಿಯಾದ ಮೇಲೆ, ಹೆಂಡತಿ ಕೈಸೋತು ಅವನಿಗೆ ಫೋನ್ ಮಾಡಿದಳಂತೆ. ಯಾರಾದರೂ ಬಂದಾರು, ಅವನಂತೂ ಬರಲಾರ ಅಂದುಕೊಂಡಿದ್ದೆ. ಹನ್ನೊಂದು ಗಂಟೆಗೆ ಬಂದ. ಚಪ್ಪಲಿ ಬಿಟ್ಟವನು ನೇರ ನನ್ನ ಕೋಣೆಗೆ ಬಂದು, ಬಾಗಿಲು ಹಾಕಿ, ಅದಕ್ಕೇ ಬೆನ್ನು ಕೊಟ್ಟು ನೆಲದ ಮೇಲೆ ಕೂತ. ನಾನು ಹೊರಗೆ ಹೋಗಬೇಕಾದರೆ ಅವನನ್ನು ದಾಟಿಯೇ ಹೋಗಬೇಕಿತ್ತು.

ಆ ರಾತ್ರಿ ಅವನಿಗೆ ಏನೇನು ಅಂದೆ ಅಂತ ಬರೆಯಲಾರೆ. ಅಣ್ಣನಿಗೆ ಅನ್ನಬಾರದ್ದನ್ನೆಲ್ಲ ಅಂದೆ. ಒಂದು ಸಲ ಕೈ ಎತ್ತಿದೆ. ಅವನು ಜಾಗ ಬಿಟ್ಟು ಏಳಲಿಲ್ಲ, ಬುದ್ಧಿ ಹೇಳಲಿಲ್ಲ. ಬೈಬಲಿನ 130ನೇ ಕೀರ್ತನೆ ಓದಿದ. ಎಂಟೇ ವಚನ. ಆಳದಲ್ಲಿ ಬಿದ್ದವನೊಬ್ಬ ದೇವರನ್ನು ಕೂಗುವ ಕೀರ್ತನೆ ಅದು. ಮುಗಿದ ಕೂಡಲೇ ಮತ್ತೆ ಮೊದಲಿನಿಂದ ಓದಿದ. ಬೆಳಗಾಗುವುದನ್ನು ಕಾಯುವ ಕಾವಲುಗಾರರ ಮಾತು ಅದರಲ್ಲಿ ಎರಡು ಸಲ ಬರುತ್ತದೆ. ಯಾಕೆ ಎರಡು ಸಲ ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ. ಆ ರಾತ್ರಿ ಗೊತ್ತಾಯಿತು. ಬೆಳಗಾಗುತ್ತೆ ಅಂತ ಒಂದು ಸಲ ಹೇಳಿದರೆ ಕಾಯುವವನಿಗೆ ಸಾಲುವುದಿಲ್ಲ.

ಮೂರು ಗಂಟೆ ದಾಟಿರಬೇಕು. "ಯಾಕೆ ಬಂದೆ? ನಾನು ಮಾಡಿದ್ದು ಮರೆತುಹೋಯ್ತಾ?" ಅಂತ ಕೇಳಿದೆ.

"ಮರೆತಿಲ್ಲ ಕಣೋ. ಎಲ್ಲಾ ನೆನಪಿದೆ" ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಆ ಲೆಕ್ಕ ನಂದು ಅಂತ ಬರ್ಕೊಂಡಿದ್ದೀನಿ. ನೀನೀಗ ಮಲಕ್ಕೋ" ಅಂದ.

ನಿಜ ಹೇಳಬೇಕೆಂದರೆ ನನಗೆ ಮೊದಲು ಬಂದದ್ದು ಸಿಟ್ಟು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೊಡೆದಿದ್ದರೆ ಸರಿಹೋಯಿತು, ಲೆಕ್ಕ ಚುಕ್ತಾ ಅಂದುಕೊಳ್ಳುತ್ತಿದ್ದೆ. ಇದಕ್ಕೆ ಏನು ಮಾಡಲಿ? ಕೊಡುವುದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದೆ. ಆಮೇಲೆ ಅತ್ತೆ, ತುಂಬ ಹೊತ್ತು, ಸಣ್ಣ ಹುಡುಗನ ಹಾಗೆ. ಅವನು ಓದುತ್ತಲೇ ಇದ್ದ.

ಚಿಕ್ಕಂದಿನಿಂದ ಸಭೆಯಲ್ಲಿ ಬೆಳೆದವನು ನಾನು. ಯೇಸು ಸ್ವಾಮಿ ನಮ್ಮ ಪಾಪಗಳಿಗಾಗಿ ಸತ್ತರು ಅನ್ನುವುದು ಬಾಯಿಪಾಠ. ಆದರೂ ಕ್ಷಮೆ ಅಂದರೆ ದೇವರು ದೊಡ್ಡ ಮನಸ್ಸು ಮಾಡಿ ಲೆಕ್ಕದ ಪುಸ್ತಕ ಮುಚ್ಚಿಬಿಡುವುದು ಅಂತಲೇ ತಿಳಿದಿದ್ದೆ. ಅಣ್ಣನ ಮಾತಿನ ಮೇಲೆ ಹಾಗನ್ನಿಸಲಿಲ್ಲ. ನನ್ನ ಸಾಲ ಎಲ್ಲೂ ಮಾಯವಾಗಿರಲಿಲ್ಲ. ಅವನು ತಿಂಗಳು ತಿಂಗಳು ಕಟ್ಟುತ್ತಿದ್ದ. ಅತ್ತಿಗೆ ತಮಗೆ ಬೇಕಾದ ಎಷ್ಟನ್ನೋ ಈಗ ಬೇಡ ಬಿಡಿ ಅಂದುಕೊಂಡು ದಿನ ಕಳೆದಿದ್ದರು. ಅತ್ತಿಗೆ, ನಿಮ್ಮಿಂದ ಒಂದು ಮಾತೂ ನನಗೆ ಕೇಳಿಬರಲಿಲ್ಲ. ಅದನ್ನು ನಾನು ಮರೆಯುವುದಿಲ್ಲ.

ಮಾರ್ಕನ ಸುವಾರ್ತೆ 10ನೇ ಅಧ್ಯಾಯದಲ್ಲಿ ಯೇಸು ಸ್ವಾಮಿ ಅನೇಕರಿಗಾಗಿ ತಮ್ಮ ಪ್ರಾಣವನ್ನು ಈಡು ಕೊಡಲು ಬಂದೆ ಅನ್ನುತ್ತಾರೆ. ಈಡು ಅನ್ನುವ ಕಡೆ ಗ್ರೀಕಿನಲ್ಲಿ ಇರುವ ಮಾತು ಲುಟ್ರೊನ್. ಗುಲಾಮನನ್ನೋ ಸೆರೆಯಾಳನ್ನೋ ಬಿಡಿಸಲು ಕೊಡುವ ಹಣಕ್ಕೆ ಆಗ ಹಾಗನ್ನುತ್ತಿದ್ದರು. ಅಡವಿಟ್ಟದ್ದನ್ನು ಬಿಡಿಸಿಕೊಂಡು ಬಂದೆವು ಅನ್ನುತ್ತೇವಲ್ಲ, ಅದೇ ಬಿಡಿಸಿಕೊಳ್ಳುವುದು. ವಿಮೋಚನೆ ಅನ್ನುವ ದೊಡ್ಡ ಪದಕ್ಕಿಂತ ಇದೇ ನನಗೆ ಹತ್ತಿರ. ಯಾರೋ ಬಂದು, ಬೆಲೆ ತೆತ್ತು, ಇದು ನಮ್ಮದು ಅಂತ ಎತ್ತಿಕೊಂಡು ಹೋಗುವುದು.

ಕೆಲವು ವಾರ ಕಳೆದ ಮೇಲೆ, ಯೇಸುವಿನ ಸುವಾರ್ತೆ ಸಾರಿದ ಪೌಲ ಫಿಲೆಮೋನನಿಗೆ ಬರೆದ, ಬೈಬಲಿನಲ್ಲಿರುವ ಪತ್ರ ಓದುತ್ತಿದ್ದೆ. ತುಂಬ ಚಿಕ್ಕದು, ಒಂದೇ ಅಧ್ಯಾಯ. ಒನೇಸಿಮ ಅನ್ನುವ ದಾಸನನ್ನು ಪೌಲ ಅವನ ಯಜಮಾನ ಫಿಲೆಮೋನನ ಹತ್ತಿರ ವಾಪಸ್ ಕಳಿಸುತ್ತಿದ್ದಾನೆ. ಇನ್ನು ದಾಸನಂತಲ್ಲ, ಪ್ರಿಯ ಸಹೋದರನಂತೆ ಸೇರಿಸಿಕೋ ಅನ್ನುತ್ತಾನೆ. ಅವನಿಂದ ನಷ್ಟ ಆಗಿದ್ದರೆ, ಅವನು ಏನಾದರೂ ಕೊಡಬೇಕಿದ್ದರೆ, ಅದನ್ನು ನನ್ನ ಲೆಕ್ಕಕ್ಕೆ ಹಾಕು, ನಾನೇ ತೀರಿಸುತ್ತೇನೆ ಅಂತ ಸ್ವಂತ ಕೈಯಿಂದ ಬರೆಯುತ್ತಾನೆ. ಬರೆಯುವಾಗ ಪೌಲ ಸ್ವತಃ ಸೆರೆಯಲ್ಲಿದ್ದ! ಅಲ್ಲಿಗೆ ಓದು ನಿಂತಿತು. ನಾನು ಕೇಳದೆ ಅಣ್ಣನ ಹೆಸರಿಗೆ ಸಾಲ ಹಾಕಿದವನು. ಇಲ್ಲೊಬ್ಬ ನನ್ನ ಹೆಸರಿಗೇ ಹಾಕಿ ಅಂತ ತಾನಾಗಿ ಕೇಳುತ್ತಿದ್ದಾನೆ. ಶಿಲುಬೆಯಲ್ಲಿ ಆದದ್ದು ಇದೇ ಅಲ್ವಾ ಅನ್ನಿಸಿತು. ಮೊಣಕಾಲೂರಿ ಪ್ರಾರ್ಥಿಸಿದೆ ಅನ್ನಲಾರೆ. ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಸುಮ್ನೆ ಕೂತಿದ್ದೆ.

ಯೇಸು ಸ್ವಾಮಿ ಹೇಳಿದ ತಪ್ಪಿಹೋದ ಮಗನ ಕಥೆಯಲ್ಲಿ, ತನ್ನ ಪಾಲು ತೆಗೆದುಕೊಂಡು ಹೋಗಿ ಹಾಳುಮಾಡಿದ ತಮ್ಮ ಮರಳಿ ಬಂದಾಗ ಅಪ್ಪ ಔತಣ ಮಾಡಿಸುತ್ತಾನೆ. ಅಣ್ಣ ಮನೆಯೊಳಗೆ ಬರಲು ಒಪ್ಪುವುದಿಲ್ಲ. ಅಪ್ಪನೇ ಹೊರಗೆ ಹೋಗಿ ಕರೆಯುತ್ತಾನೆ. ಅವನು ಬಂದನೋ ಇಲ್ಲವೋ ಅನ್ನುವುದು ಕಥೆಯಲ್ಲಿ ಇಲ್ಲ. ಚಿಕ್ಕವನಿದ್ದಾಗ ಆ ಅಣ್ಣನ ಮೇಲೆ ನನಗೆ ಕೋಪವಿತ್ತು. ಈಗಿಲ್ಲ. ಆಸ್ತಿ ಆಗಲೇ ಪಾಲಾಗಿತ್ತು. ನನ್ನದೆಲ್ಲ ನಿನ್ನದೇ ಅಂತ ಅಪ್ಪ ಅವನಿಗೆ ಹೇಳುತ್ತಾನೆ. ಹಾಗಾದರೆ ತಮ್ಮ ಬಂದ ಸಂತೋಷಕ್ಕೆ ಕೊಯ್ದ ಕರು ಯಾರ ಪಾಲಿನದು? ಅವನಿಗೆ ನೋವಾದದ್ದರಲ್ಲಿ ಅರ್ಥವಿದೆ. ಅದಕ್ಕೇ ನನ್ನ ಅಣ್ಣ ಬಾಗಿಲು ದಾಟಿ ಒಳಗೆ ಬಂದದ್ದು ನನಗೆ ಇಷ್ಟು ದೊಡ್ಡದು. ನಾನು ಬದಲಾಗಲಿ ಅಂತ ಅವನು ಕಾಯಲಿಲ್ಲ. ನಾನು ಕೈ ಎತ್ತುವ ಸ್ಥಿತಿಯಲ್ಲಿ ಇದ್ದಾಗಲೇ ಬಂದ.

ಇದನ್ನು ಓದಿ ಅವನು ಬೈಯುತ್ತಾನೆ. ನನ್ನನ್ನು ಎಲ್ಲಿಗೆ ಹೋಲಿಸ್ತೀಯೋ ಅನ್ನುತ್ತಾನೆ. ಹೋಲಿಸುತ್ತಿಲ್ಲ ಅಣ್ಣಾ. ನಾನು ಯಾರನ್ನು ಕೇಳಿಯೂ ಕೇಳದವನಂತೆ ಇದ್ದೆನೋ, ಆ ಯೇಸು ಸ್ವಾಮಿಯ ದನಿ ಆ ರಾತ್ರಿ ನಿನ್ನ ದನಿಯಲ್ಲಿ ಕೇಳಿಸಿತು. ಅಷ್ಟೇ.

ಈಗಲೂ ಕೆಲವು ರಾತ್ರಿ ಕಷ್ಟ. ಹೋದ ವಾರವೂ ಒಂದು ಇತ್ತು. ಸಾಲದಲ್ಲಿ ನನ್ನ ಕೈಲಾದಷ್ಟನ್ನು ತಿಂಗಳು ತಿಂಗಳು ಅಣ್ಣನಿಗೆ ಕೊಡುತ್ತಿದ್ದೇನೆ. ಬೇಡ ಅನ್ನುತ್ತಾನೆ, ನಾನು ಬಿಡುವುದಿಲ್ಲ. ಲೆಕ್ಕ ತೀರಲಿ ಅಂತಲ್ಲ. ಕೊಡುವಾಗ ಅವನ ಮನೆಗೆ ಹೋಗಿ ಬರಬಹುದು, ಅದಕ್ಕೆ.

ಅಣ್ಣಾ, ಇವತ್ತು ರಾತ್ರಿ ಬರ್ತೀನಿ ಅಂದಿದ್ದೀಯ. ಬಾ, ಅತ್ತಿಗೆಯನ್ನೂ ಕರ್ಕೊಂಡು ಬಾ. ಕೋಣೆಯಲ್ಲಿ ನಿನಗೆ ಕುರ್ಚಿ ಹಾಕಿದ್ದೀನಿ. ಈ ಸಲ ಕೀರ್ತನೆ ನಾನು ಓದ್ತೀನಿ.