ಮೊದಲು ಪಗಾರ ಎಷ್ಟಿತ್ತು ಅಂತ ಕೇಳು

ಪ್ರೀತಿಯ ತಂಗಿ,

ನೀನು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಕಂಪನಿ ನಾಟಕದಲ್ಲಿ ನಲವತ್ತು ವರ್ಷ ದುಡಿದ ಅಜ್ಜಿಯೊಬ್ಬರನ್ನು ಹುಡುಕಿಕೊಂಡು, ಬಸ್ಸು ಹಿಡಿದು ಅವರ ಊರಿಗೆ ಹೋಗಿದ್ದೀಯ. ಎರಡು ದಿನ ಅವರ ಜೊತೆ ಕೂತಿದ್ದೀಯ. ಫೋನಿನಲ್ಲಿ ಹತ್ತು ನಿಮಿಷ ಮಾತಾಡಿ ಒಂದು ಪುಟ ತುಂಬಿಸುವವರು ಜಾಸ್ತಿ ಆಗಿರುವ ಕಾಲ ಇದು. ನೀನು ಹಾಗೆ ಮಾಡಲಿಲ್ಲ ಅನ್ನೋದು ನನಗೆ ತುಂಬಾ ಖುಷಿ ಕೊಟ್ಟಿತು. ಮುಂದೆ ಹೇಳುವುದನ್ನು ಆ ಖುಷಿಯಿಂದಲೇ ಹೇಳುತ್ತಿದ್ದೇನೆ ಅಂತ ತಿಳಿದುಕೋ.

ಮೊದಲ ಸಾಲಿನಲ್ಲಿ ಅವರನ್ನು 'ಕಲಾ ಸರಸ್ವತಿಯ ವರಪುತ್ರಿ' ಅಂತ ಕರೆದಿದ್ದೀಯ. ಕೊನೆಯ ಸಾಲಿನಲ್ಲಿ 'ಸರ್ಕಾರ ಇನ್ನಾದರೂ ಇವರತ್ತ ಕಣ್ಣು ತೆರೆಯಲಿ' ಅಂತಿದೆ. ಈ ಎರಡು ಸಾಲನ್ನು ಯಾವ ಹಿರಿಯ ಕಲಾವಿದರ ಮೇಲಿನ ಲೇಖನಕ್ಕೆ ಅಂಟಿಸಿದರೂ ಅಂಟಿಕೊಳ್ಳುತ್ತೆ, ಅಲ್ವಾ? ಆದರೆ ನಡುವೆ ಒಂದು ಸಾಲು ಇದೆ. ಮಳೆಗಾಲದಲ್ಲಿ ಕಂಪನಿ ನಿಂತಾಗ ಊರಿಗೆ ಬಂದು, ಹೊಲಿಗೆ ಮಿಷನ್ ಮುಂದೆ ಕೂತು, ನಾಟಕದ ಬಟ್ಟೆಗಳಿಗೆ ಜರಿ ಅಂಚು ಹೊಲಿಯುತ್ತಿದ್ದರು ಅಂತ. ಅದನ್ನು ನೀನು ಬರೆದು ಸುಮ್ನೆ ಮುಂದೆ ಹೋಗಿಬಿಟ್ಟಿದ್ದೀಯ. ನನಗೆ ಆ ಅಜ್ಜಿ ಕಂಡದ್ದು ಅಲ್ಲಿ. ಆ ಮಿಷನ್ ಯಾರದು? ಒಂದು ಬಟ್ಟೆಗೆ ಎಷ್ಟು ಕೊಡುತ್ತಿದ್ದರು? ಕಂಪನಿ ನಿಂತ ತಿಂಗಳುಗಳಲ್ಲಿ ಪಗಾರ ಬರುತ್ತಿತ್ತೋ ಇಲ್ಲವೋ? ಮಕ್ಕಳನ್ನು ಯಾರು ನೋಡಿಕೊಳ್ಳುತ್ತಿದ್ದರು? ಇದನ್ನೆಲ್ಲ ಕೇಳಬೇಕಿತ್ತು ತಂಗಿ.

ನಾನು ಹೇಳಬೇಕಾಗಿರೋದು ಇದನ್ನೇ. ನಟರ, ಹಾಡುವವರ, ಬಣ್ಣ ಹಚ್ಚುವವರ ಬದುಕನ್ನು ಬರೆಯುವಾಗ ಮೊದಲು ಅದನ್ನು ದುಡಿಮೆ ಅಂತ ನೋಡು. ರೈತನ ಬಗ್ಗೆ ಬರೆಯುವಾಗ ಮಳೆ, ಸಾಲ, ಗೊಬ್ಬರದ ಬೆಲೆ ಕೇಳುತ್ತೇವೆ. ಕಲಾವಿದರ ಹತ್ತಿರ ಹೋದ ಕೂಡಲೇ ಯಾಕೋ 'ನಿಮಗೆ ಸ್ಫೂರ್ತಿ ಯಾರು' ಅಂತ ಕೇಳುತ್ತೇವೆ.

ಈ ಮಾತು ನನಗೆ ಗೊತ್ತಾಗಿದ್ದು ಒಂದು ತಪ್ಪು ಮಾಡಿದ ಮೇಲೆ. ಆಗ ನನಗೆ ಇಪ್ಪತ್ತೈದೋ ಇಪ್ಪತ್ತಾರೋ. ಒಬ್ಬ ಹಿರಿಯ ನಟಿಯ ಮನೆಗೆ ಹೋಗಿದ್ದೆ. ಸೋರುವ ಹೆಂಚು, ಮೂಲೆಯಲ್ಲಿ ತುಕ್ಕು ಹಿಡಿದ ಟ್ರಂಕು, ಗೋಡೆಯ ಮೇಲೆ ಮಾಸಿದ ಫೋಟೋ. ನನ್ನ ಕಣ್ಣಿಗೆ ಬಿದ್ದದ್ದು ಇಷ್ಟೇ. ಅವರು ಮೂರು ಗಂಟೆ ಮಾತಾಡಿದ್ದರು. ಯಾವ ಪಾತ್ರಕ್ಕೆ ಸೀರೆ ಹೇಗೆ ಉಡುತ್ತಿದ್ದರು, ಜ್ವರ ಬಂದ ರಾತ್ರಿ ಹಾಡಿನ ಶ್ರುತಿ ಇಳಿಸಿಕೊಳ್ಳಲು ಹಾರ್ಮೋನಿಯಂ ಮಾಸ್ತರಿಗೆ ಹೇಗೆ ಕಣ್ಸನ್ನೆ ಮಾಡುತ್ತಿದ್ದರು, ಎಲ್ಲ ಹೇಳಿದ್ದರು. ನಾನು ಬರೆದದ್ದು ಹೆಂಚಿನ ಬಗ್ಗೆ. ಲೇಖನ ಅಚ್ಚಾಯಿತು, ಓದಿದವರು ಕಣ್ಣೀರು ಹಾಕಿದರು, ನಾನೂ ಬೀಗಿದೆ. ಪತ್ರಿಕೆ ಕೊಡಲು ಅವರ ಮನೆಗೆ ಹೋದಾಗ ಪಕ್ಕದ ಮನೆಯ ಹುಡುಗ ಆಗಲೇ ಅದನ್ನು ಅವರಿಗೆ ಓದಿ ಹೇಳಿಯಾಗಿತ್ತು. ಅವರು ಟೀ ಕೊಟ್ಟರು. ಆಮೇಲೆ ಕೇಳಿದರು: 'ಅಲ್ಲಪ್ಪಾ, ಐವತ್ತು ವರ್ಷ ದುಡಿದು ತಿಂದಿದ್ದೀನಿ. ಯಾರ ಮುಂದೂ ಕೈ ಚಾಚಲಿಲ್ಲ. ನೀನು ಒಂದು ಪುಟದಲ್ಲಿ ನನ್ನನ್ನು ಭಿಕ್ಷೆಗೆ ಕೂರಿಸಿಬಿಟ್ಟೆಯಲ್ಲ?'

ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಅವರು ತೀರಿಕೊಂಡು ಎಷ್ಟೋ ವರ್ಷ ಆಯಿತು. ಆ ಮೂರು ಗಂಟೆಯ ಮಾತನ್ನು ನಾನು ಬರೆದಿಟ್ಟುಕೊಂಡಿರಲಿಲ್ಲ.

ದುಡಿಮೆಯನ್ನು ಕೇಳಿದರೆ ಎಂಥೆಂಥ ಕಥೆ ಸಿಗುತ್ತೆ ನೋಡು. ರಾಜ್‌ಕುಮಾರ್ ಅವರನ್ನೇ ತೆಗೆದುಕೋ. 1954ರಲ್ಲಿ 'ಬೇಡರ ಕಣ್ಣಪ್ಪ' ಬಂತು, ಗೆದ್ದಿತು, ಅವರು ದೊಡ್ಡ ನಟರಾದರು. ಎಲ್ಲರೂ ಹೀಗೇ ಬರೆಯುತ್ತಾರೆ. ಆದರೆ ಅದಾದ ಮೇಲಿನ ವರ್ಷಗಳಲ್ಲಿ ಅವರ ಮನೆಯ ಒಲೆ ಹೇಗೆ ಉರಿಯುತ್ತಿತ್ತು ಅಂತ ಕೇಳಿನೋಡು. ಕನ್ನಡದಲ್ಲಿ ಆಗ ವರ್ಷಕ್ಕೆ ತಯಾರಾಗುತ್ತಿದ್ದ ಸಿನಿಮಾಗಳೇ ಕಡಿಮೆ. ಹೆಚ್ಚಿನ ಕೆಲಸ ಮದರಾಸಿನ ಸ್ಟುಡಿಯೋಗಳಲ್ಲಿ. ಅಲ್ಲಿ ಮನೆ ಮಾಡಿಕೊಂಡಿರಬೇಕು, ಕೆಲಸ ಮಾತ್ರ ಯಾವಾಗಲೋ ಒಮ್ಮೆ. ಆಗ ರಾಜ್‌ಕುಮಾರ್, ಜಿ.ವಿ. ಅಯ್ಯರ್, ಬಾಲಕೃಷ್ಣ, ನರಸಿಂಹರಾಜು ಸೇರಿ ಕನ್ನಡ ಚಲನಚಿತ್ರ ಕಲಾವಿದರ ಸಂಘ ಕಟ್ಟಿಕೊಂಡು ಊರೂರಿಗೆ ಹೋಗಿ ನಾಟಕ ಆಡಿದರು. ಪರದೆಯ ಮೇಲೆ ಜನ ನೋಡಿ ಕೈಮುಗಿದಿದ್ದ ಕಣ್ಣಪ್ಪನೇ ಮತ್ತೆ ರಂಗದ ಮೇಲೆ ಬಂದ. ಅದೇ ಸಂಘದ ಹೆಸರಿನಲ್ಲಿ 1960ರಲ್ಲಿ 'ರಣಧೀರ ಕಂಠೀರವ' ಸಿನಿಮಾ ಮಾಡಿದರು.

ಈ ಘಟನೆಯನ್ನು ಯೋಚಿಸಿದಾಗಲೆಲ್ಲ ನನಗೆ ಮೈ ಜುಮ್ ಅನ್ನುತ್ತೆ. ಸಿನಿಮಾ ಗೆದ್ದ ಮೇಲೂ ನಟರು ಕಂಪನಿಯ ದಾರಿಗೆ ವಾಪಸ್ ಹೋಗಬೇಕಾಯಿತು. ಆ ಕೆಲಸ ಅವರಿಗೆ ಬರುತ್ತಿತ್ತು, ಅದು ಮುಖ್ಯ. ರಾಜ್‌ಕುಮಾರ್ ಅವರ ತಂದೆ ಪುಟ್ಟಸ್ವಾಮಯ್ಯನವರು ಕಂಪನಿ ನಟರು. ಮಗ ಹುಡುಗನಾಗಿದ್ದಾಗಿನಿಂದಲೇ ಕಂಪನಿ ಊರೂರಲ್ಲಿ ಬೀಡುಬಿಡುತ್ತಿದ್ದ ಕ್ಯಾಂಪುಗಳಲ್ಲಿ ಬೆಳೆದವರು. ಸೆಟ್ಟು, ಲೈಟು, ಕ್ಯಾಮೆರಾ ಇಲ್ಲದಿದ್ದರೂ ಎರಡು ಪರದೆ, ಒಂದು ಹಾರ್ಮೋನಿಯಂ ಇದ್ದರೆ ಅವರು ದುಡಿದು ತಿನ್ನಬಲ್ಲವರಾಗಿದ್ದರು. 'ವರನಟ' ಅನ್ನುವ ಮಾತು ಬರೆಯುವುದಕ್ಕೆ ಮುಂಚೆ ಈ ಐದಾರು ವರ್ಷ ಬರೆದು ನೋಡು. ಆ ಮಾತು ಬೇಕಾಗುವುದೇ ಇಲ್ಲ ಅನ್ಸುತ್ತೆ.

ಅವರ ಜೊತೆಗಿದ್ದ ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿನ ನಟರ ತುಟಿ ನೋಡಿಕೊಂಡು ತಮ್ಮ ಮಾತು ಹೇಳುತ್ತಿದ್ದರು. ಸಾಮಾನ್ಯವಾಗಿ ಇದನ್ನು 'ಕಿವುಡುತನವನ್ನು ಮೆಟ್ಟಿ ನಿಂತ ಸಾಧಕ' ಅಂತ ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಸ್ವಲ್ಪ ನಿಂತು ಯೋಚನೆ ಮಾಡು. ಎದುರಿನವರು ಬೆನ್ನು ತಿರುಗಿಸಿದರೆ ಅವರು ಏನು ಮಾಡುತ್ತಿದ್ದರು? ಎದುರಿನವರ ಮಾತೆಲ್ಲ ಮೊದಲೇ ಬಾಯಿಪಾಠ ಇರಬೇಕಿತ್ತಲ್ಲ? ಅವರ ಹಳೆಯ ಸಿನಿಮಾ ಒಂದನ್ನು ಈ ಕಣ್ಣಿನಿಂದ ನೋಡು. ಅವರು ಎದುರಿನವರ ಮುಖವನ್ನು ಎಷ್ಟು ಗಟ್ಟಿಯಾಗಿ ನೋಡುತ್ತಾರೆ ಅಂತ ಗಮನಿಸು. ಹಾಗೆ ನೋಡುವುದೇ ಅವರ ಅಭಿನಯವಾಗಿತ್ತು ಅಂತ ನನ್ನ ಅನಿಸಿಕೆ. ಅಂಥ ನಟ ಸಾಲ ಸೋಲ ಮಾಡಿ ಬೆಂಗಳೂರಿನ ಹೊರಗೆ ಅಭಿಮಾನ್ ಸ್ಟುಡಿಯೋ ಕಟ್ಟಿದರು. ಅದು ಇನ್ನೊಂದು ದೊಡ್ಡ ಕಥೆ. ನಿನ್ನ ಪ್ರಾಯದವರು ಯಾರಾದರೂ ಕೂತು ಬರೆಯಬೇಕು.

ಹಾಡುವವರ ಬಗ್ಗೆ ಬರೆಯುವಾಗಲೂ ಇದೇ. ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತವರು. ಹೆಣ್ಣುಮಗಳು, ಮನೆ ನಡೆಸುವ ಭಾರ ಬೇರೆ, ಪಾಠ ಮುಗಿಸಿ ಮತ್ತೆ ರೈಲು ಹಿಡಿದು ಮನೆಗೆ. ಆ ರೈಲಿನ ಹೊತ್ತು ಅವರ ಸಂಗೀತದ ಒಂದು ಭಾಗ ಅಂತ ನನಗೆ ಅನ್ನಿಸುತ್ತೆ. ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತ ಹಾಡುತ್ತಿದ್ದರು. ಮಗಳ ಹಿಂದೂಸ್ತಾನಿಗೆ ತೊಡಕಾಗಬಾರದು ಅಂತ ತಮ್ಮ ಹಾಡನ್ನೇ ನಿಲ್ಲಿಸಿದರು. ಒಬ್ಬರ ಹಾಡಿಗಾಗಿ ಇನ್ನೊಬ್ಬರು ಸುಮ್ಮನಾದ ಆ ಮನೆ ಹೇಗಿದ್ದಿರಬಹುದು! ಟಾನ್ಸಿಲ್ ಆಪರೇಷನ್ ಆದ ಮೇಲೆ ಗಂಗೂಬಾಯಿಯವರ ಧ್ವನಿ ದಪ್ಪವಾಯಿತು. ಮೊದಲಿದ್ದ ಧ್ವನಿ ಮತ್ತೆ ಬರಲಿಲ್ಲ. ಬಂದದ್ದನ್ನೇ ಇಟ್ಟುಕೊಂಡು ಅವರು ಮುಂದಿನ ಆಯುಷ್ಯ ಪೂರ್ತಿ ಹಾಡಿದರು.

ಇನ್ನೊಂದು ಮಾತು ಅವರೇ ಹೇಳಿದ್ದು, ನೀನು ಹೆಣ್ಣುಮಗಳಾಗಿ ಇದನ್ನು ನೆನಪಿಟ್ಟುಕೋ. ಗಂಡಸು ಹಾಡಿದರೆ ಮುಸಲ್ಮಾನನಾದರೆ ಉಸ್ತಾದ್, ಹಿಂದೂ ಆದರೆ ಪಂಡಿತ್ ಆಗುತ್ತಾನೆ, ಕೇಸರಬಾಯಿ, ಮೊಗುಬಾಯಿಯಂಥ ದೊಡ್ಡ ಗಾಯಕಿಯರು ಮಾತ್ರ ಹೆಸರಿನ ಕೊನೆಯ ಬರೀ 'ಬಾಯಿ'ಯಾಗಿಯೇ ಉಳಿಯುತ್ತಾರೆ ಅಂತ ಅವರು ಹೇಳುತ್ತಿದ್ದರು. ನಾವು ಸಲೀಸಾಗಿ ಬಳಸುವ ಬಿರುದುಗಳ ಒಳಗೆ ಯಾರನ್ನು ಎಲ್ಲಿ ಕೂರಿಸಿದ್ದೇವೆ ಅನ್ನೋದು ಅಡಗಿರುತ್ತೆ. 'ವರಪುತ್ರಿ' ಅಂದಾಗಲೂ ಹಾಗೇ. ಅವರು ಕಷ್ಟಪಟ್ಟು ಕಲಿತದ್ದನ್ನು ಯಾರೋ ಕೊಟ್ಟ ವರ ಮಾಡಿಬಿಟ್ಟೆ ನೀನು.

ನಟಿಯರ ಬಗ್ಗೆ ಬರೆಯುವಾಗ ಇನ್ನೂ ಎಚ್ಚರ ಬೇಕು. ಕಲ್ಪನಾ ಅವರು 1967ರಲ್ಲಿ 'ಬೆಳ್ಳಿಮೋಡ'ದಲ್ಲಿ ಮಾಡಿದ ಕೆಲಸ, ಆಮೇಲೆ ನಿರ್ದೇಶಕ ಪುಟ್ಟಣ್ಣ ಕಣಗಾಲರ ಜೊತೆ ಮಾಡಿದ ಪಾತ್ರಗಳು ನಮ್ಮ ಕಣ್ಣ ಮುಂದೆ ಇವೆ, ಯಾರು ಬೇಕಾದರೂ ಕೂತು ನೋಡಬಹುದು. 1979ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು, ಇನ್ನೂ ನಲವತ್ತು ಆಗಿರಲಿಲ್ಲ. ಆಗ ಅವರು ಉತ್ತರ ಕರ್ನಾಟಕದಲ್ಲಿ ನಾಟಕ ಆಡುತ್ತಿದ್ದರು. ಅವರು ತೀರಿಕೊಂಡ ಆ ಒಂದು ರಾತ್ರಿಯ ಬಗ್ಗೆ ಅಚ್ಚಾದಷ್ಟು ಪುಟಗಳು ಅವರ ಅಭಿನಯದ ಬಗ್ಗೆ ಅಚ್ಚಾಗಲಿಲ್ಲ. ನನಗೆ ಇದು ತುಂಬಾ ನೋವು ಕೊಡುವ ವಿಷಯ. ಒಂದು ದೃಶ್ಯದಲ್ಲಿ ಅವರು ತಲೆ ಎತ್ತುವುದಕ್ಕೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ ಅಂತ ಯಾರೂ ಬರೆಯಲಿಲ್ಲ. ನಿನಗೆ ಯಾರಾದರೂ ಅಂಥ ಗುಟ್ಟು ಹೇಳಲು ಬಂದರೆ ಕೇಳಿಸಿಕೋ, ಬರೆಯಬೇಡ. ಸತ್ತವರು ಬಂದು ಉತ್ತರ ಕೊಡೋದಿಲ್ಲ.

ಭಾಷೆಯ ಬಗ್ಗೆ ನೀನು ಕೇಳಿದ್ದೆ. ಅಜ್ಜಿಯ ಮಾತನ್ನು ಅವರ ಆಡುಮಾತಿನಲ್ಲೇ ಇಡಬೇಕಾ, ತಿದ್ದಬೇಕಾ ಅಂತ. ನಾಟಕದ ನಿರ್ದೇಶಕ ಬಿ.ವಿ. ಕಾರಂತರ ಆತ್ಮಕಥೆ ಓದು. ಅವರು ಹೇಳುತ್ತಾ ಹೋದದ್ದನ್ನು ವೈದೇಹಿಯವರು ಬರವಣಿಗೆಗೆ ಇಳಿಸಿದ್ದಾರೆ. ಅಷ್ಟು ದೊಡ್ಡ ಕಥೆಗಾರ್ತಿ, ಆದರೆ ಕಾರಂತರು ಎದುರು ಕೂತು ಮಾತಾಡುತ್ತಿದ್ದಾರೆ ಅನ್ನುವ ಹಾಗೆ ಓದಿಸಿಕೊಂಡು ಹೋಗುತ್ತೆ. ಬಂಟ್ವಾಳದ ಕಡೆಯ ಹುಡುಗ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರುವುದು, ಮಾಲೀಕರಾದ ಗುಬ್ಬಿ ವೀರಣ್ಣನವರು ಅವರನ್ನು ಕಾಶಿಗೆ ಎಂ.ಎ. ಓದಲು ಕಳಿಸುವುದು. ನಾಟಕ ಕಂಪನಿಯ ಮಾಲೀಕರೊಬ್ಬರು ತಮ್ಮ ಹುಡುಗನೊಬ್ಬನ ಓದಿಗೆ ಗೇಟ್ ಕಲೆಕ್ಷನ್ನಿನ ದುಡ್ಡು ಹಾಕಿದರು! ಪಗಾರದ ಪ್ರಶ್ನೆ ಕೇಳಿದರೆ ಜಿಪುಣತನ, ಮೋಸ ಮಾತ್ರ ಹೊರಗೆ ಬರುತ್ತೆ ಅಂದುಕೊಳ್ಳಬೇಡ. ಇಂಥದ್ದೂ ಬರುತ್ತೆ.

ಅಜ್ಜಿ ಪಗಾರ ಅಂದರೆ ಪಗಾರ ಅಂತಲೇ ಬರಿ, 'ವೇತನ' ಮಾಡಬೇಡ. ಬಿಳಿ ನಾಲ್ಕರಲ್ಲಿ, ಅಂದರೆ ಹಾರ್ಮೋನಿಯಂನ ನಾಲ್ಕನೇ ಬಿಳಿ ಮನೆಯ ಶ್ರುತಿಯಲ್ಲಿ, ಹಾಡುತ್ತಿದ್ದೆ ಅಂದರೆ ಹಾಗೇ ಇಡು. ಅವರು ಅಷ್ಟು ಎತ್ತರದ ಶ್ರುತಿಯಲ್ಲಿ ಯಾಕೆ ಹಾಡುತ್ತಿದ್ದರು ಅಂತ ಮಾತ್ರ ಕೇಳಿ ತಿಳಿದುಕೋ. ಮೈಕು ಇಲ್ಲದ ಕಾಲದಲ್ಲಿ ನೆಲದ ಟಿಕೆಟ್ಟಿನಲ್ಲಿ ಕೂತವನಿಗೂ, ಹಿಂದೆ ತಡಿಕೆಗೆ ಒರಗಿ ನಿಂತವನಿಗೂ ಕೇಳಿಸಬೇಕಿತ್ತು. ನೀನು 'ಸುಮಧುರ ಕಂಠ' ಅಂತ ಬರೆದಿದ್ದೀಯ. ಅದು ದೂರಕ್ಕೆ ಹೋಗಲು ಪಳಗಿಸಿದ ಕಂಠ.

ಇಸವಿಗಳ ವಿಷಯಕ್ಕೆ ಬಂದರೆ, ನಿನ್ನ ಲೇಖನದಲ್ಲಿ ಅವರು ಕಂಪನಿ ಸೇರಿದ ವರ್ಷಕ್ಕೂ ಮೊದಲ ಮಗು ಹುಟ್ಟಿದ ವರ್ಷಕ್ಕೂ ಹೊಂದುವುದೇ ಇಲ್ಲ. ಅವರದ್ದು ತಪ್ಪಲ್ಲ. ಯಾರಿಗೆ ಇಸವಿ ನೆನಪಿರುತ್ತೆ? ಗಾಂಧಿ ತೀರಿಕೊಂಡಾಗ ಯಾವ ಊರಿನ ಕ್ಯಾಂಪಿನಲ್ಲಿ ಇದ್ದಿರಿ ಅಂತ ಮನೆಯವರು ಏನಾದರೂ ಹೇಳುತ್ತಿದ್ದರಾ, ಮೈಸೂರು ಕರ್ನಾಟಕ ಆದಾಗ ನಿಮ್ಮ ಕಂಪನಿ ಎಲ್ಲಿತ್ತು, ಆ ವರ್ಷ ಬನಶಂಕರಿ ಜಾತ್ರೆಗೆ ಯಾವ ನಾಟಕ ಹಾಕಿದ್ದಿರಿ ಅಂತ ಕೇಳು. ಜಾತ್ರೆ ನೆನಪಿರುತ್ತೆ. ಜಾತ್ರೆಯಿಂದ ವರ್ಷಕ್ಕೆ ದಾರಿ ಸಿಗುತ್ತೆ.

ಕಾಗದ ಪತ್ರ ಸಿಕ್ಕರೆ ಬಿಡಬೇಡ. 1934ರಲ್ಲಿ ಬಂದ ಕನ್ನಡದ ಮೊದಲ ಟಾಕಿ, ಅಂದರೆ ಮಾತಾಡುವ ಸಿನಿಮಾ, 'ಸತಿ ಸುಲೋಚನ' ಇವತ್ತು ನೋಡಲು ಸಿಗುವುದಿಲ್ಲ. ಒಂದು ಪ್ರಿಂಟ್ ಕೂಡ ಉಳಿದಿಲ್ಲ. ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು, ತ್ರಿಪುರಾಂಬ ಕೊಲ್ಹಾಪುರಕ್ಕೆ ಹೋಗಿ ಮಾಡಿ ಬಂದ ಕೆಲಸ ಅದು. ರಂಗದ ಮೇಲೆ ಪಳಗಿದವರು ಮೊದಲ ಸಲ ಮೈಕಿನ ಮುಂದೆ ನಿಂತು ಕನ್ನಡ ಮಾತಾಡಿದಾಗ ಹೇಗೆ ಕೇಳಿಸಿತ್ತು ಅನ್ನೋದು ನಮಗೆ ಇನ್ನು ಯಾವತ್ತೂ ಗೊತ್ತಾಗೋದಿಲ್ಲ. ಸಿನಿಮಾದ ಗತಿಯೇ ಹೀಗಾದರೆ ನಾಟಕದ್ದು ಏನು ಹೇಳಲಿ. ರಾತ್ರಿ ಆಡಿದ್ದು ಬೆಳಗಾದರೆ ಇಲ್ಲ.

ನಿನ್ನ ಅಜ್ಜಿಯ ಮನೆಯಲ್ಲೂ ಒಂದು ಟ್ರಂಕು ಇದೆ ಅಂತ ಬರೆದಿದ್ದೀಯ. 'ನೆನಪುಗಳ ಖಜಾನೆ' ಅಂದಿದ್ದೀಯ, ಆದರೆ ಒಳಗೆ ಏನಿದೆ ಅಂತ ಬರೆದಿಲ್ಲ. ಮುಂದಿನ ವಾರ ಹೋಗುತ್ತೀಯಂತಲ್ಲ, ಅವರು ಒಪ್ಪಿದರೆ ಅದನ್ನು ತೆರೆಸು. ಹ್ಯಾಂಡ್‌ಬಿಲ್ಲು, ಪಾತ್ರದ ಮಾತು ಬರೆದುಕೊಂಡ ನೋಟ್‌ಬುಕ್ಕು, ಮುಂಗಡ ತೆಗೆದುಕೊಂಡ ಚೀಟಿ, ಏನೇ ಇದ್ದರೂ ಅಲ್ಲೇ ಕೂತು ಫೋಟೋ ತೆಗೆದು ವಾಪಸ್ ಅವರ ಕೈಗೇ ಕೊಡು. ಮನೆಗೆ ತರಬೇಡ. ಬರೆದದ್ದನ್ನು ಅಚ್ಚಿಗೆ ಕೊಡುವ ಮುಂಚೆ ಅವರಿಗೆ ಒಂದು ಸಲ ಓದಿ ಹೇಳು, ಪಕ್ಕದ ಮನೆಯ ಹುಡುಗ ಓದುವ ಮೊದಲು. ಹಾಗೇ ಆ ಹೊಲಿಗೆ ಮಿಷನ್ ಇನ್ನೂ ಇದೆಯಾ ನೋಡು, ಯಾರದು ಅಂತ ಕೇಳಿ ನನಗೆ ಬರಿ.

ಪ್ರೀತಿಯಿಂದ,
ನಿನ್ನ ಅಣ್ಣ