ಸ್ಪೀಕರ್ ಬಟ್ಟೆ ತೆಗೆಸಿ ನೋಡಿ, ಆಮೇಲೆ ದುಡ್ಡು ಕೊಡಿ

ಸಂಪಾದಕರಿಗೆ ನಮಸ್ಕಾರ.

ಹಳೇ ರೆಕಾರ್ಡ್ ಪ್ಲೇಯರ್, ಹಳೇ ಸ್ಪೀಕರ್‌ಗಳಿಗೆ ಈಗ ಮತ್ತೆ ಗಿರಾಕಿ ಬಂದಿದ್ದಾರೆ ಅಂತ ನಿಮ್ಮ ಭಾನುವಾರದ ಪುಟದಲ್ಲಿ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ಆದರೆ ಕೊನೆಯಲ್ಲಿ, ದೊಡ್ಡ ಸ್ಪೀಕರ್‌ಗಳು ಸಣ್ಣ ಮನೆಗೆ ಆಗಿಬರಲ್ಲ, ಏನಿದ್ದರೂ ಷೋಕಿಗೆ ಅಂತ ಒಂದೇ ಮಾತಲ್ಲಿ ಮುಗಿಸಿಬಿಟ್ಟಿದ್ದಾರೆ. ಅದನ್ನು ಮಾತ್ರ ನಾನು ಒಪ್ಪಲ್ಲ. 10 ಅಡಿ ಅಗಲ, 12 ಅಡಿ ಉದ್ದದ ಕೋಣೆಯಲ್ಲಿ ಅಂಥದ್ದೇ ಒಂದು ಜೋಡಿ ಇಟ್ಟುಕೊಂಡು ವರ್ಷದ ಮೇಲಾಯಿತು. ಮೋಸ ಹೋಗಿದ್ದೂ ಉಂಟು, ಈಗ ಸುಖಪಡುತ್ತಿರುವುದೂ ಉಂಟು. ಅದಕ್ಕೇ ಈ ಪತ್ರ.

ನಾನು ಕೊಂಡಿದ್ದು ಅಕೌಸ್ಟಿಕ್ ರಿಸರ್ಚ್ ಅನ್ನೋ ಅಮೆರಿಕದ ಕಂಪನಿಯ ಎಆರ್-3ಎ. 1967ರಲ್ಲಿ ಬಂದ ಮಾಡೆಲ್. ಎರಡು ಅಡಿಗಿಂತ ಎತ್ತರ, ಒಳಗೆ ತಗ್ಗು ಸ್ವರ ನುಡಿಸೋ 12 ಇಂಚಿನ ವೂಫರ್, ಒಂದೊಂದೂ 24 ಕೆಜಿ ತೂಕ. ಆಟೋದಿಂದ ಇಳಿಸಿ ಎರಡನೇ ಮಹಡಿಗೆ ಹೊತ್ತು ತರುವಷ್ಟರಲ್ಲಿ ನನ್ನ ಸೊಂಟ ಹೋಗಿತ್ತು. ಬಾಗಿಲಲ್ಲೇ ನಿಂತಿದ್ದ ನನ್ನ ಹೆಂಡತಿ, "ಏನ್ರೀ ಇದು, ಬಟ್ಟೆ ಬೀರು ಇದ್ಯಲ್ಲ, ಇನ್ನೆರಡು ಯಾಕೆ?" ಅಂದಳು.

ತಮಾಷೆ ಅಂದರೆ, ಆ ಕಾಲದಲ್ಲಿ ಇದನ್ನು ಮಾರಿದ್ದು ಬುಕ್‌ಶೆಲ್ಫ್ ಸ್ಪೀಕರ್ ಅಂತ. ಅಮೆರಿಕದವರ ಪುಸ್ತಕದ ಕಪಾಟು ಎಂಥಾ ಗಟ್ಟಿ ಇರಬೇಕು ನೋಡಿ! ಆದರೆ ಅದು ಸುಳ್ಳೇನಲ್ಲ. ಮೊದಲೆಲ್ಲ ನಿಜವಾದ ಬೇಸ್ (ತಗ್ಗು ಸ್ವರ) ಬೇಕು ಅಂದರೆ ಸ್ಪೀಕರ್ ಪೆಟ್ಟಿಗೆ ಫ್ರಿಜ್ಜಿನಷ್ಟು ಇರಬೇಕಿತ್ತು. ಈ ಕಂಪನಿ ಕಟ್ಟಿದವರಲ್ಲಿ ಒಬ್ಬನಾದ ಎಡ್ಗರ್ ವಿಲ್ಚರ್ ಅನ್ನೋ ಪುಣ್ಯಾತ್ಮ 1954ರಲ್ಲಿ ಬೇರೆ ದಾರಿ ಕಂಡುಕೊಂಡ. ಪೆಟ್ಟಿಗೆಯನ್ನು ಗಾಳಿ ಆಡದ ಹಾಗೆ ಮುಚ್ಚಿ, ಒಳಗೆ ಸಿಕ್ಕಿಬಿದ್ದ ಗಾಳಿಯನ್ನೇ ವೂಫರಿಗೆ ಸ್ಪ್ರಿಂಗ್ ಮಾಡಿಕೊಂಡ. ಪೆಟ್ಟಿಗೆ ಸಣ್ಣದಾಯಿತು, ಬೇಸ್ ಹಾಗೇ ಉಳಿಯಿತು. ಅಂದರೆ ನಮ್ಮನೆಯಲ್ಲಿ ಬೀರು ಅನ್ನಿಸಿಕೊಂಡದ್ದು ಹುಟ್ಟಿದ್ದೇ ದೊಡ್ಡ ಪೆಟ್ಟಿಗೆಗೆ ಜಾಗ ಇಲ್ಲದವರಿಗಾಗಿ.

ಈಗ ಮೋಸದ ಕಥೆ. ಮಾರಿದವರ ಹೆಸರು ಬೇಡ. ಹಳೇ ಸಾಮಾನಿನ ಅಂಗಡಿ, ಮಾತು ಮಾತ್ರ ಬೆಣ್ಣೆ. ಸ್ಪೀಕರ್ ಮುಂದಿನ ಬಟ್ಟೆ ತೆಗೆದು ತೋರಿಸಿ ಅಂದೆ. "ಬೇಡಿ ಸಾರ್, ಐವತ್ತು ವರ್ಷದ ಒರಿಜಿನಲ್ ಬಟ್ಟೆ, ಕಿತ್ತರೆ ಬೆಲೆ ಹೋಗತ್ತೆ" ಅಂದರು. ನಾನೂ ದೊಡ್ಡದಾಗಿ ತಲೆಯಾಡಿಸಿದೆ. ಸಣ್ಣ ಧ್ವನಿಯಲ್ಲಿ ಒಂದು ಹಾಡು ಹಾಕಿದರು, ಚೆನ್ನಾಗೇ ಕೇಳಿಸಿತು. 42 ಸಾವಿರ ಎಣಿಸಿ ಕೊಟ್ಟೆ. ಮನೆಗೆ ತಂದು ಸ್ವಲ್ಪ ಜೋರು ಮಾಡಿದ್ದೇ ತಡ, ಎಡಗಡೆಯದು ಹರಿದ ತಮಟೆ ಥರ ಪರಪರ ಅನ್ನತೊಡಗಿತು. ಬಟ್ಟೆ ಬಿಚ್ಚಿ ನೋಡಿದರೆ ವೂಫರ್ ಸುತ್ತ ಇರೋ ಫೋಮ್ ಬಳೆ ಬೆರಳು ತಾಗಿದರೆ ಸಾಕು, ಮಳೆಗಾಲದ ಹಪ್ಪಳದ ಹಾಗೆ ಮೆತ್ತಗೆ ಮುರಿಯುತ್ತಿತ್ತು. ಒಂದು ಕಡೆ ಪೂರ್ತಿ ಬಾಯಿಬಿಟ್ಟಿತ್ತು. ಅಲ್ಲಿಗೆ ಯಾರೋ ಕಪ್ಪು ಗಮ್ ಬಳಿದಿದ್ದರು! ವಾಪಸ್ ಫೋನ್ ಮಾಡಿದರೆ "ಹಳೇ ಮಾಲಿಗೆ ಗ್ಯಾರಂಟಿ ಎಲ್ಲಿಂದ ಸಾರ್" ಅನ್ನೋ ಉತ್ತರ.

ಫೋಮ್ ಇದ್ದ ಮೇಲೆ ಅದು ಹಾಳಾಗೋದು ಸಹಜ, ಯಾರ ತಪ್ಪೂ ಅಲ್ಲ. ಬಳಸದೆ ಮೂಲೆಯಲ್ಲಿಟ್ಟರೂ ವರ್ಷ ಕಳೆದಂತೆ ತಾನಾಗಿ ಪುಡಿಯಾಗುತ್ತದೆ, ತೇವದ ಹವೆಯಲ್ಲಿ ಇನ್ನೂ ಬೇಗ. ಬಟ್ಟೆಯ ಅಥವಾ ರಬ್ಬರಿನ ಬಳೆ ಇರೋ ಸ್ಪೀಕರ್‌ಗಳಿಗೆ ಈ ಕಾಟ ಕಡಿಮೆ. ಹೊಸ ಫೋಮ್ ಹಾಕಿಸಬಹುದು, ನಾನೂ ಹಾಕಿಸಿದೆ. ಆದರೆ ಅದರ ಖರ್ಚನ್ನು ಮೊದಲೇ ಬೆಲೆಯಲ್ಲಿ ಕಳೆಯಬೇಕಿತ್ತು, ಅಲ್ವಾ?

ರಿಪೇರಿ ಮಾಡಿಕೊಟ್ಟ ಹುಡುಗ ನನಗೆ ಎರಡು ವಿದ್ಯೆ ಹೇಳಿಕೊಟ್ಟ. ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಪೆನ್ಸಿಲ್ ಸೆಲ್ಲು, ಎರಡು ತುಂಡು ವೈರು ಇರಲಿ ಅಂದ. ಸ್ಪೀಕರ್ ಹಿಂದಿನ ಎರಡು ತಿರುಪಿಗೆ ಸೆಲ್ಲನ್ನು ಒಂದು ಕ್ಷಣ ಮುಟ್ಟಿಸಿದರೆ "ಟಪ್" ಅನ್ನಬೇಕು, ವೂಫರ್ ಕೋನ್, ಅಂದರೆ ಅದುರೋ ಬಟ್ಟಲು, ಸ್ವಲ್ಪ ಸರಿಯಬೇಕು. ಸೆಲ್ಲಿನ ಪ್ಲಸ್ ತುದಿಯನ್ನು ಎರಡು ಪೆಟ್ಟಿಗೆಯಲ್ಲೂ ಅದೇ ತಿರುಪಿಗೆ ಮುಟ್ಟಿಸಿದರೆ ಕೋನ್ ಒಂದೇ ದಿಕ್ಕಿಗೆ ಸರಿಯಬೇಕು. ಒಂದು ಮುಂದೆ, ಒಂದು ಹಿಂದೆ ಹೋದರೆ ಯಾರೋ ವೈರು ತಿರುಗಾಮುರುಗಾ ಮಾಡಿದ್ದಾರೆ ಅಂತ ಅರ್ಥ. ಇನ್ನೊಂದು, ನನ್ನಂಥ ಮುಚ್ಚಿದ ಪೆಟ್ಟಿಗೆಯ ಸ್ಪೀಕರ್‌ಗೆ ಮಾತ್ರ. ಕೋನನ್ನು ನಾಲ್ಕು ಬೆರಳಲ್ಲಿ ನಯವಾಗಿ ಒಳಗೆ ಒತ್ತಿ ಬಿಟ್ಟರೆ ಅದು ಉಸಿರು ಬಿಟ್ಟ ಹಾಗೆ ನಿಧಾನಕ್ಕೆ ಹೊರಗೆ ಬರಬೇಕು. ಪಟ್ಟನೆ ಬಂದರೆ ಎಲ್ಲೋ ಗಾಳಿ ಸೋರುತ್ತಿದೆ. ಆ ಹುಡುಗ ಹಿಂದುಗಡೆ ಇರೋ, ಸ್ವರ ಏರಿಳಿಸೋ ಎರಡು ನಾಬ್‌ಗಳನ್ನೂ ಬಿಚ್ಚಿ ತೋರಿಸಿದ. ಒಳಗೆ ಪೂಜೆ ಪಾತ್ರೆಗೆ ಹಿಡಿದ ಹಾಗೆ ಹಸಿರು ಕಿಲುಬು. ಟ್ರೆಬಲ್ (ಏರು ಸ್ವರ) ಸತ್ತುಹೋಗಿದ್ದು ಅದರಿಂದ, ಅದನ್ನು ನುಡಿಸೋ ಟ್ವೀಟರ್ ಸುಟ್ಟು ಅಲ್ಲ. ಆಂಪ್ಲಿಫೈಯರ್ ಬಗ್ಗೆ ಒಂದೇ ಮಾತು: ಇದು 4 ಓಮ್ಸ್ ಸ್ಪೀಕರ್, ಓಮ್ಸ್ ಕಮ್ಮಿಯಾದಷ್ಟೂ ಆಂಪ್‌ನಿಂದ ಕರೆಂಟ್ ಜಾಸ್ತಿ ಎಳೆಯುತ್ತದೆ; 8 ಓಮ್ಸ್ ಅಂತ ಬರೆದಿರೋ ನನ್ನ ಹಳೇ ಆಂಪ್ ಇದನ್ನು ಹೊತ್ತು ದೋಸೆ ಕಾವಲಿ ಥರ ಕಾಯುತ್ತಿತ್ತು. ಬದಲಾಯಿಸಿದೆ.

ಇನ್ನು ಕೋಣೆ. ಲೇಖಕರು ಹೇಳಿದ ತೊಂದರೆ ಇರೋದು ನಿಜವೇ. ಮೊದಲ ದಿನ ಸ್ಪೀಕರ್‌ಗಳನ್ನು ಎರಡು ಮೂಲೆಗೆ ತಳ್ಳಿ, ಎದುರು ಗೋಡೆಗೆ ಒರಗಿ ಕೂತೆ. ಮೃದಂಗದ ಎಡಗೈ ಹೊಡೆತವೆಲ್ಲ ಒಂದೇ ಗುಂಯ್. ಕುರ್ಚಿ ಎಳೆದು ಕೋಣೆಯ ನಡುವೆ ಹಾಕಿದೆ, ಬೇಸ್ ಕಾಣೆ! ಇದಕ್ಕೆ ಲೆಕ್ಕ ಇದೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. 12 ಅಡಿ ಗೋಡೆಗೆ ಹೋಗಿ ವಾಪಸ್ ಬರೋ ದೂರ 7.3 ಮೀಟರ್. ಭಾಗಿಸಿದರೆ 47. ಅಂದರೆ 47 ಹರ್ಟ್ಸ್ (ಸೆಕೆಂಡಿಗೆ 47 ಸಲ ಅದುರೋದು) ಸುತ್ತಮುತ್ತಲಿನ ಸ್ವರ ಬಂದಾಗ ಕೋಣೆಯೇ ಜೊತೆಗೆ ಹಾಡುತ್ತದೆ, ಗೋಡೆಯ ಹತ್ತಿರ ಜೋರು, ನಟ್ಟನಡುವೆ ಏನೂ ಇಲ್ಲ. 10 ಅಡಿ ಕಡೆಯಿಂದ ಅದೇ ಆಟ 56ಕ್ಕೆ. ಸಣ್ಣ ಸ್ಪೀಕರ್ ಆ ಸ್ವರಗಳನ್ನು ಸರಿಯಾಗಿ ಹೊರಡಿಸೋದೇ ಇಲ್ಲ, ಹಾಗಾಗಿ ಕೋಣೆಯ ಬಂಡವಾಳ ಹೊರಗೆ ಬರಲ್ಲ ಅಷ್ಟೆ.

ಮೊಟ್ಟೆ ಟ್ರೇ ಗೋಡೆಗೆ ಅಂಟಿಸಿ ಅಂತ ಒಬ್ಬರು ಹೇಳಿದರು. ಸುಮ್ನೆ ಕೆಲಸ. ಬೇಸ್‌ಗೆ ಅದು ಲೆಕ್ಕಕ್ಕೇ ಇಲ್ಲ. ನೆಲಕ್ಕೆ ಜಮಖಾನ, ಕಿಟಕಿಗೆ ದಪ್ಪ ಪರದೆ, ಮೂಲೆಯಲ್ಲಿ ಸುತ್ತಿಟ್ಟ ಹತ್ತಿ ಹಾಸಿಗೆ ಹಾಕಿದ ಮೇಲೆ ಮಾತು, ಪಿಟೀಲು ಸ್ಪಷ್ಟವಾದವು. ಗುಂಯ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಅದಕ್ಕೆ ಮದ್ದು ಜಾಗ ಬದಲಾಯಿಸೋದೇ. ಹೇಗೆ ಅಂದರೆ, ಒಂದು ಸ್ಪೀಕರನ್ನು ನಾವು ಕೂರೋ ಕುರ್ಚಿಯ ಮೇಲೆ ಕೂರಿಸಿ ಮೃದಂಗದ ತನಿ ಹಾಕಬೇಕು, ಆಮೇಲೆ ಸ್ಪೀಕರ್ ಇಡಬಹುದಾದ ಜಾಗದಲ್ಲೆಲ್ಲ ನಾವೇ ಅಂಬೆಗಾಲಿಡುತ್ತಾ ಕಿವಿಗೊಟ್ಟು ಹೋಗಬೇಕು, ಎಲ್ಲಿ ಒಂದೊಂದು ಹೊಡೆತವೂ ಬಿಡಿಬಿಡಿಯಾಗಿ ಕೇಳುತ್ತದೋ ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಬೇಕು. ನನ್ನ ಮೊಮ್ಮಗಳು ಆನೆ ಆಟ ಅಂದುಕೊಂಡು ಬೆನ್ನು ಹತ್ತಿದಳು. ಅವಳನ್ನು ಹೊತ್ತುಕೊಂಡೇ ಎರಡು ಜಾಗ ಹುಡುಕಿದೆ. ಹಿಂದಿನ ಗೋಡೆಯಿಂದ ಒಂದೂಕಾಲು ಅಡಿ, ಪಕ್ಕದ ಗೋಡೆಯಿಂದ ಎರಡಡಿ. ಕುರ್ಚಿಯನ್ನೂ ಗೋಡೆಯಿಂದ ಮೂರಡಿ ಮುಂದೆ ಎಳೆದೆ. ಗುಂಯ್ ಪೂರ್ತಿ ಹೋಗಿಲ್ಲ, ಆದರೆ ಈಗ ಮೃದಂಗ ಮೃದಂಗವಾಗಿದೆ. ಓಡಾಡಲು ಜಾಗ ಕಮ್ಮಿಯಾಗಿದೆ ಅನ್ನೋದು ಮನೆಯವರ ತಕರಾರು, ಅದು ನ್ಯಾಯವೇ.

ಕೆಳಗಿನ ಮನೆಯ ಹುಡುಗಿ ಒಂದು ಸಂಜೆ ಬಂದು, "ಅಂಕಲ್, ಶೋಕೇಸಲ್ಲಿ ಲೋಟ ಟಿಣಟಿಣ ಅಂತಿದೆ" ಅಂದಳು. ಮೊಬೈಲ್‌ನಲ್ಲಿ ಅಳೆದು ತೋರಿಸಿದೆ. ಕಾನೂನಿನ ಪ್ರಕಾರ ವಾಸದ ಬಡಾವಣೆಗೆ ಹಗಲು 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45. ಅವರ ಮನೆಯಲ್ಲಿ ಅಷ್ಟೂ ತೋರಿಸಲಿಲ್ಲ. ಗೆದ್ದೆ ಅಂದುಕೊಂಡು ಮೇಲೆ ಬಂದೆ. ಆಮೇಲೆ ಗೊತ್ತಾಯಿತು, ಆ ಅಳತೆಯ ಪದ್ಧತಿಯೇ ಬೇಸನ್ನು ತುಂಬಾ ಕಡಿಮೆ ಮಾಡಿ ಎಣಿಸುತ್ತದೆ. ಮೀಟರಿಗೆ ಕಾಣದ್ದು ಲೋಟಕ್ಕೆ ಕಾಣುತ್ತದೆ! ಸ್ಪೀಕರ್ ಅಡಿಗೆ ಸ್ಕೂಟರ್ ಟೈರಿನ ತುಂಡು ಇಟ್ಟೆ, ರಾತ್ರಿ ಎಂಟೂವರೆಗೆ ಬಂದ್ ಮಾಡುತ್ತೇನೆ. ಈಗ ಅವಳೇ ಆಗಾಗ ಮೇಲೆ ಬಂದು ಹಾಡು ಹಾಕಿಸಿಕೊಂಡು ಹೋಗುತ್ತಾಳೆ.

ನನ್ನ ಕಿವಿಯಲ್ಲಿ ಕೇಳೋ ಮಷಿನ್ (ಹಿಯರಿಂಗ್ ಏಡ್) ಇರೋದರಿಂದ ಜೋರಾಗಿ ಹಾಕುತ್ತೇನೆ ಅಂತ ಕೆಳಗಿನ ಮನೆಯವರು ಅಂದುಕೊಂಡಿದ್ದರಂತೆ. ಹಾಗಲ್ಲ. ಇಲ್ಲೊಂದು ವಿಷಯ ಹೇಳಲೇಬೇಕು. ಸಣ್ಣ ಶಬ್ದವನ್ನು ಜಾಸ್ತಿ, ದೊಡ್ಡ ಶಬ್ದವನ್ನು ಕಡಿಮೆ ಎತ್ತಿಕೊಡೋ, ಅದನ್ನೂ ತಗ್ಗು ಸ್ವರಕ್ಕೆ ಬೇರೆ, ಏರು ಸ್ವರಕ್ಕೆ ಬೇರೆ ಮಾಡೋ ವಿದ್ಯೆ ಇವತ್ತಿನ ಬಹುತೇಕ ಹಿಯರಿಂಗ್ ಏಡ್‌ಗಳಲ್ಲಿದೆ. ಅದರ ಹಿಂದಿರೋದೂ ಇದೇ ವಿಲ್ಚರ್. ಸ್ಪೀಕರ್ ಕಂಪನಿ ಮಾರಿದ ಮೇಲೆ ಅದರಲ್ಲೇ ತೊಡಗಿದ, 1973ರಲ್ಲಿ ಪ್ರಕಟಿಸಿದ, ಎಲ್ಲರೂ ಬಳಸಲಿ ಅಂತ ಪೇಟೆಂಟ್ ಕೂಡ ಮಾಡಿಸಲಿಲ್ಲ. ಅಂದರೆ ನನ್ನ ಕೋಣೆಯಲ್ಲಿ ಹಾಡು ಹೊರಡೋದೂ ಅವನ ಕೈಯಿಂದ, ನನ್ನ ಕಿವಿಗೆ ಸೇರೋದೂ ಅವನ ಕೈಯಿಂದ.

ಹೊಸಬರು ಯಾರಾದರೂ ಕೊಳ್ಳೋ ಯೋಚನೆಯಲ್ಲಿದ್ದರೆ ಬೇಡ ಅನ್ನಬೇಡಿ ಸಂಪಾದಕರೇ. ಕೋಣೆ ಅಳೆದು ಹೋಗಲಿ, ಸೆಲ್ಲು ಜೇಬಿಗೆ ಹಾಕಿಕೊಳ್ಳಲಿ, ಬಟ್ಟೆ ತೆಗೆಯಲ್ಲ ಅಂದ ಅಂಗಡಿಯಿಂದ ಬರಿಗೈಲಿ ವಾಪಸ್ ಬರಲಿ. ನನ್ನ ಬಲಗಡೆ ಪೆಟ್ಟಿಗೆಯ ಒಂದು ನಾಬ್ ಈಗಲೂ ತಿರುಗಿಸಿದರೆ ಕರಕರ ಅನ್ನುತ್ತದೆ. ನಾನು ಅದನ್ನು ತಿರುಗಿಸೋದೇ ಬಿಟ್ಟಿದ್ದೇನೆ.

— ಒಬ್ಬ ನಿವೃತ್ತ ಬ್ಯಾಂಕ್ ನೌಕರ, ರಾಜಾಜಿನಗರ, ಬೆಂಗಳೂರು